ಚಿಕ್ಕಪ್ಪನ ಏಳು ಅಕ್ಷರಗಳು

ಆ ಬೀದಿಯಲ್ಲಿ ಆತನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅಣ್ಣನ ಮಗ ‘ಚಿಕ್ಕಪ್ಪ’ ಎಂದು ಕರೆಯುತ್ತಿದ್ದ. ಅದನ್ನು ಕೇಳಿ ಪಕ್ಕದ ಬೀಗದಂಗಡಿಯವನು ಕರೆದ, ಆಮೇಲೆ ಅಂಚೆಯವನು, ಟೀ ಅಂಗಡಿಯವನು. ಕೊನೆಗೆ ಆತನಿಗಿಂತ ಎಷ್ಟೋ ಹಿರಿಯರಾದ ಮುದುಕರೂ “ಏನು ಚಿಕ್ಕಪ್ಪ, ಬಿಸಿಲು ಜಾಸ್ತಿ” ಎನ್ನತೊಡಗಿದರು. ಊರಿಗೆಲ್ಲ ಚಿಕ್ಕಪ್ಪನಾದವನಿಗೆ ಸ್ವಂತ ಮಕ್ಕಳಿರಲಿಲ್ಲ. “ಹೆತ್ತು ಹೊತ್ತು ಮಾಡೋ ಕಷ್ಟವೇ ಇಲ್ಲ, ಗಡ್ಡ ಮೀಸೆ ಸಮೇತ ಮಕ್ಕಳಾಗಿದಾರೆ ನಮ್ಮೋರಿಗೆ,” ಎಂದು ಆತನ ಹೆಂಡತಿ ನಗುತ್ತಿದ್ದಳು.

ಆತನದು ಅಕ್ಷರದ ಕೆಲಸ. ನಮ್ಮಂಥ ಮೇಷ್ಟ್ರುಗಳು ಮಾಡುವ ಅಕ್ಷರದ ಕೆಲಸವಲ್ಲ. ಬೆಂಕಿ, ಮರಳು, ಹಿತ್ತಾಳೆಗಳ ಕೆಲಸ. ಅಂಗಡಿಗಳ ನೆತ್ತಿಯ ಮೇಲೆ ಸಾಲಾಗಿ ಕೂರಿಸುವ ಇಂಗ್ಲಿಷ್ ಅಕ್ಷರಗಳನ್ನು ಎರಕ ಹೊಯ್ಯುವುದು, ಅರ ಹಾಕಿ ಅಂಚು ತೆಗೆಯುವುದು, ಹೊಳೆಯುವಂತೆ ಉಜ್ಜುವುದು, ತಿರುಪು ಬಿಗಿದು ಗೋಡೆಗೆ ಕೂರಿಸುವುದು. ಬೀದಿಯ ಕಡೆಗೆ ಅಂಗಡಿ. ಅಲ್ಲಿ ಗಲ್ಲಾದ ಹಿಂದೆ ಅಣ್ಣ ಕೂರುತ್ತಿದ್ದರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಹಿಂದೆ ತಗಡಿನ ಶೆಡ್ಡು, ಅಲ್ಲಿ ಚಿಕ್ಕಪ್ಪ. ನಮ್ಮ ಶಾಲೆಗೂ ಆ ಶೆಡ್ಡಿಗೂ ನಡುವೆ ಒಂದು ಓಣಿ. ನಾನು ಮನೆಗೆ ಹೋಗುವ ದಾರಿ ಅದೇ ಆದ್ದರಿಂದ, ಪಾಠ ಮುಗಿದ ಮೇಲೆ ಶೆಡ್ಡಿನ ಬಾಗಿಲಲ್ಲಿ ಸ್ವಲ್ಪ ನಿಂತು ಮಾತಾಡಿಕೊಂಡು ಹೋಗುವುದು ಅಭ್ಯಾಸವಾಗಿಬಿಟ್ಟಿತು.

ಅಂಗಡಿಯೆಂದ ಮೇಲೆ ತೆರೆಯುವುದು ಎಷ್ಟು ನಿಜವೋ ಮುಚ್ಚುವುದೂ ಅಷ್ಟೇ ನಿಜ. ಯಾರದಾದರೂ ಅಂಗಡಿ ಮುಚ್ಚಿದರೆ ಯಜಮಾನರು ಆ ಅಕ್ಷರಗಳನ್ನು ಬಿಚ್ಚಿಸಿ ತಂದು ಹಳೆಯ ಹಿತ್ತಾಳೆಯ ಲೆಕ್ಕದಲ್ಲಿ ಕೊಂಡುಕೊಳ್ಳುತ್ತಿದ್ದರು. ಆ ಬೀದಿಯ ಅಕ್ಷರಗಳೆಲ್ಲ ಒಂದೇ ಅಚ್ಚಿನವು, ಗೇಣೆತ್ತರದವು. ಒಂದು ಅಂಗಡಿಯದು ಇನ್ನೊಂದಕ್ಕೆ ಧಾರಾಳವಾಗಿ ಹೊಂದುತ್ತಿತ್ತು. ಹೊಸ ಎರಕ ದುಬಾರಿ, ಹಳೆಯ ಅಕ್ಷರ ಅಗ್ಗ. ಹಾಗಾಗಿ ಹೊಸ ಅಂಗಡಿ ಇಡುವವರು ನೇರವಾಗಿ ಶೆಡ್ಡಿಗೇ ಬಂದು, “ಇರೋ ಅಕ್ಷರದಲ್ಲೇ ನಂಗೊಂದು ಹೆಸರು ಹೇಳು ಚಿಕ್ಕಪ್ಪ,” ಎನ್ನುತ್ತಿದ್ದರು. ಇಂಗ್ಲಿಷ್ ಹೆಸರಿಲ್ಲದಿದ್ದರೆ ಗಿರಾಕಿ ತಲೆಯೆತ್ತಿಯೂ ನೋಡುವುದಿಲ್ಲವೆಂದು ಜನ ನಂಬಿದ್ದ ಕಾಲ ಅದು.

ಚಿಕ್ಕಪ್ಪ ಅಚ್ಚಿನ ಮರಳನ್ನು ಅಂಗೈಯಿಂದ ಸಮ ಮಾಡಿ, ಅದರ ಮೇಲೆ ಹಳೆಯ ಅಕ್ಷರಗಳನ್ನೆಲ್ಲ ಹರಡಿ, ಕುಕ್ಕರುಗಾಲಲ್ಲಿ ಕೂರುತ್ತಿದ್ದ. ತೋರುಬೆರಳಿಂದ ಒಂದನ್ನು ಅತ್ತ ತಳ್ಳುವನು, ಇನ್ನೊಂದನ್ನು ಇತ್ತ ಎಳೆಯುವನು. ಸ್ವಲ್ಪ ಹೊತ್ತಿಗೆ ಒಂದು ಪದ ಸಾಲಾಗಿ ನಿಂತಿರುತ್ತಿತ್ತು. ಇಂಗ್ಲಿಷ್ ಆತನಿಗೆ ಬರುತ್ತಿರಲಿಲ್ಲ. ರದ್ದಿ ಅಂಗಡಿಯಿಂದ ತಂದ ರಟ್ಟಿಲ್ಲದ ಒಂದು ಇಂಗ್ಲಿಷ್ ನಿಘಂಟು ಶೆಡ್ಡಿನಲ್ಲಿತ್ತು. ಅದರಲ್ಲಿ ಅರ್ಥವೂ ಇಂಗ್ಲಿಷಿನಲ್ಲೇ ಇದ್ದುದರಿಂದ, ಆ ಗೊಡವೆಗೇ ಹೋಗದೆ, ದಪ್ಪಕ್ಷರದ ಪದಗಳನ್ನು ಮಾತ್ರ ಊಟದ ಬಿಡುವಿನಲ್ಲಿ ಓದುತ್ತಿದ್ದ. ಮನೆಗಳನ್ನು ಹೊರಗಿನಿಂದ ಮಾತ್ರ ಬಲ್ಲ ಅಂಚೆಯವನ ಹಾಗೆ ಆತ ಪದಗಳನ್ನು ಬಲ್ಲವನಾಗಿದ್ದ.

‘ಗ್ರ್ಯಾಂಡ್ ಹೋಟೆಲ್’ ಮುಚ್ಚಿದಾಗ ಅದರ ಅಕ್ಷರಗಳು ಶೆಡ್ಡಿಗೆ ಬಂದವು. ಅದೇ ವಾರ ಹಾಸಿಗೆ ಅಂಗಡಿಯವನೂ ಬಂದ.

“ಹೇಳಿದ್ರೆ ಬಾಯಿ ತುಂಬಬೇಕು ಚಿಕ್ಕಪ್ಪ. ಕೊನೆಗೆ ಠಣ್ ಅನ್ನಬೇಕು.”

ಬೆರಳು ಮರಳಿನ ಮೇಲೆ ಓಡಾಡಿತು. ಟಿ, ಎಚ್, ಓ, ಆರ್, ಎನ್. “ಥಾರ್ನ್.”

“ಥಾರ್ನ್! ಭಲೇ! ಅರ್ಥ ಏನು?”

“ಇಂಗ್ಲಿಷು.”

“ಅಲ್ಲ, ಅರ್ಥ?”

“ಅರ್ಥವೇ ಇಂಗ್ಲಿಷು ಅಂದೆನಲ್ಲ.”

ನಾನು ನೋಡುವಷ್ಟರಲ್ಲಿ ಅಕ್ಷರಗಳು ಗೋಡೆ ಏರಿ ಹೊಳೆಯುತ್ತಿದ್ದವು. ಶೆಡ್ಡಿಗೆ ಹೋಗಿ, “ಥಾರ್ನ್ ಅಂದ್ರೆ ಮುಳ್ಳು ಚಿಕ್ಕಪ್ಪ,” ಎಂದೆ. ಆತ ಅರವನ್ನು ಕೆಳಗಿಟ್ಟ. “ಅಯ್ಯೋ! ಹಾಸಿಗೆಗೆ ಮುಳ್ಳು ಹಾಸಿಬಿಟ್ಟೆನಾ!” ಏಣಿ ಹೊತ್ತು ಬಿಚ್ಚಲು ಹೋದರೆ ಹಾಸಿಗೆಯವನು ಅಡ್ಡ ನಿಂತ. “ಇರ್ಲಿ ಬಿಡು. ನಗೋಕ್ಕೆ ಅಂತ ಬಂದೋರು ಒಂದು ದಿಂಬಾದ್ರೂ ತೊಗೊಂಡು ಹೋಗ್ತಿದಾರೆ.” ಅಂದಿನಿಂದ ಪದ ಸಿಕ್ಕಿದೊಡನೆ ಗೋಡೆ ಹತ್ತಿಸದೆ, ನಾನು ಓಣಿಯಲ್ಲಿ ಬರುವುದನ್ನು ಕಾದು ಅರ್ಥ ಕೇಳುವುದು ರೂಢಿಯಾಯಿತು. ಒಮ್ಮೆ ಜವಳಿ ಅಂಗಡಿಗೆಂದು ಎನ್, ಎ, ಕೆ, ಇ, ಡಿ ಜೋಡಿಸಿಟ್ಟುಕೊಂಡು, “ನೋಡೋಕೆ ಎಷ್ಟು ಲಕ್ಷಣವಾಗಿದೆ ಮೇಷ್ಟ್ರೇ, ಏನಿದು?” ಎಂದ. ‘ಬೆತ್ತಲೆ’ ಎಂದು ನಾನು ಹೇಳಿದ್ದನ್ನು ಕೇಳಿ ಆತನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಗ್ರ್ಯಾಂಡ್ ಹೋಟೆಲಿನಲ್ಲಿ ಥಾರ್ನ್ ಹೋಗಿ ಉಳಿದದ್ದರಲ್ಲಿ ದರ್ಜಿಗೆ ‘ಗ್ಲ್ಯಾಡ್’ ಆಯಿತು. ಕೊನೆಗೊಂದು ‘ಇ’ ಉಳಿಯಿತು. ಅದನ್ನು ಆತ ಬಟ್ಟೆಯಲ್ಲಿ ಒರೆಸಿ, ಶೆಡ್ಡಿನ ಒಳಗೋಡೆಯ ಮೊಳೆಗೆ ತೂಗುಹಾಕಿದ.

“ಅದು ಯಾರಿಗೆ?” ಎಂದು ಕೇಳಿದೆ.

“ಅದು ಮನೇದು,” ಎಂದ.

ಆ ‘ಮನೇದು’ ಏನೆಂದು ತಿಳಿಯಬೇಕಾದರೆ ಅಂಗಡಿ ಶುರುವಾದ ಕಥೆ ಹೇಳಬೇಕು. ಮೊದಲು ಚಿಕ್ಕಪ್ಪ ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಎರಕದವನಾಗಿದ್ದ. ಕೈಕೆಲಸಕ್ಕೆ ಹೆಸರಾಗಿದ್ದ, ತಿಂಗಳು ಹುಟ್ಟಿದರೆ ಸಂಬಳ. ಅಣ್ಣನಿಗೆ ಅಕ್ಷರದಂಗಡಿ ಇಡುವ ಹುಮ್ಮಸ್ಸು ಹುಟ್ಟಿದಾಗ ತಮ್ಮನಿಲ್ಲದೆ ಅದು ಸಾಧ್ಯವಿರಲಿಲ್ಲ. ಆಗ ಅವರಮ್ಮ ಇನ್ನೂ ಇದ್ದರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ದೊಡ್ಡ ಮಗನಿಗೆ ಹೇಳಿದರಂತೆ: “ಅವನ ಅನ್ನ ಬಿಡಿಸಿ ಕರ್ಕೊಂಡು ಹೋಗ್ತಾ ಇದೀಯ. ಬೋರ್ಡಿನ ಮೇಲೆ ನೀನೊಬ್ಬನೇ ನಿಂತ್ಕೋಬೇಡ. ಅವನೂ ಇರ್ಬೇಕು.”

ಅಣ್ಣ ಒಪ್ಪಿದರು. ತಮ್ಮನ ಪೂರ್ತಿ ಹೆಸರು ಉದ್ದವಾಗುತ್ತದೆಂದು, ಅಣ್ಣನ ಹೆಸರಿನ ಮುಂದೆ ‘ಅಂಡ್ ಬ್ರದರ್’ ಎಂದು ಹಾಕುವುದೆಂದಾಯಿತು. ಮೊದಲ ಎರಕದಲ್ಲಿ ಅಣ್ಣನ ಹೆಸರೂ, ‘ಅಂಡ್’ ಎನ್ನುವ ಆ ಸುರುಳಿ ಗುರುತೂ ಆದವು. ಅಷ್ಟರಲ್ಲಿ ತಂದ ಹಿತ್ತಾಳೆ ಮುಗಿಯಿತು, ಗಿರಾಕಿಗಳ ಕೆಲಸ ಬಂತು. ಚಿಕ್ಕಪ್ಪ ಗೋಡೆಯಲ್ಲಿ ‘ಬ್ರದರ್’ನ ಏಳು ಅಕ್ಷರಕ್ಕೂ ತೂತು ಕೊರೆದು, ಮರದ ಬೆಣೆ ಹೊಡೆದು ಸಿದ್ಧ ಮಾಡಿಟ್ಟಿದ್ದ. ಅಣ್ಣ, “ಅವಸರ ಏನೋ? ಮಾರೋ ಸರಕು ಮನೆಗಲ್ಲ. ಗಿರಾಕಿಗೆ ಆಗಿ ಉಳಿದಿದ್ದು ನಮಗೆ. ಉಳಿದಾಗ ಹಾಕ್ಕೊಳ್ಳೋಣ,” ಎಂದರು. ‘ಮಾರೋ ಸರಕು ಮನೆಗಲ್ಲ’ ಎನ್ನುವುದು ಅಂದಿನಿಂದ ಆ ಅಂಗಡಿಯ ಶಾಸನವಾಯಿತು.

ಹೀಗಾಗಿ ಆ ಅಂಗಡಿಯ ಮೇಲೆ ಯಜಮಾನರ ಹೆಸರು, ಪಕ್ಕದಲ್ಲಿ ‘ಅಂಡ್’, ಆಮೇಲೆ ಖಾಲಿ ಗೋಡೆ. ಬೀಗದಂಗಡಿಯವನಿಗೆ ಅದೊಂದು ತಮಾಷೆ. ಬೆಳಗ್ಗೆ ಬಾಗಿಲು ತೆಗೆಯುವಾಗ ಮೇಲೆ ನೋಡಿ, “ಯಜಮಾನ್ರೇ, ಮತ್ತೆ?” ಎನ್ನುವನು. ಯಜಮಾನರು, “ಮತ್ತೆ ಏನು, ನೀನೇ ಹೇಳಪ್ಪ,” ಎಂದು ನಗುವರು. ಒಳಗೆ ಅರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು.

ಅಮ್ಮ ಹೋದರು. ಮಾತು ಉಳಿಯಿತು. ಚಿಕ್ಕಪ್ಪ ಅದನ್ನು ಎಂದೂ ಅಣ್ಣನಿಗೆ ನೆನಪಿಸಲಿಲ್ಲ. ಬೇರೊಂದು ದಾರಿ ಹಿಡಿದ. ಗಿರಾಕಿಗೆ ಆಗಿ ಉಳಿದದ್ದು ಮನೆಯದು ಎಂದಲ್ಲವೆ ಶಾಸನ? ಹಾಗಾದರೆ ಉಳಿಯುವ ಹಾಗೆ ಮಾಡುವುದು ಪದ ಹುಡುಕುವವನ ಕೈಯಲ್ಲಿದೆ. ಬಿ, ಆರ್, ಓ, ಟಿ, ಎಚ್, ಇ, ಇನ್ನೊಂದು ಆರ್ ಇವಿಷ್ಟು ಆದಷ್ಟು ಖರ್ಚಾಗದ ಪದಗಳನ್ನು ಆತ ಹುಡುಕತೊಡಗಿದ. ನನಗೆ ಇದು ಗೊತ್ತಾದದ್ದು ‘ಮಾಡರ್ನ್ ಬೇಕರಿ’ ಮುಚ್ಚಿದಾಗ. ಆಟದ ಸಾಮಾನಿನ ಅಂಗಡಿಯವನು ಹೆಸರು ಕೇಳಲು ಬಂದು ಕೂತಿದ್ದ. ಚಿಕ್ಕಪ್ಪನ ಬೆರಳು ಎಮ್ ಎಳೆದು, ಓ ಎಳೆದು, ಎನ್ ಎಳೆದು, ಕೆ ಕಡೆಗೆ ಹೋಯಿತು. ‘ಮಂಕಿ’ ಬರುತ್ತಿದೆ ಎಂದು ನನಗೆ ಕಾಣುತ್ತಿತ್ತು. ಆಟಿಕೆಯಂಗಡಿಗೆ ಇದಕ್ಕಿಂತ ಒಳ್ಳೆಯ ಹೆಸರುಂಟೆ? ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಬಂತು. ಓ ಅನ್ನು ಮೆಲ್ಲಗೆ ಆಚೆ ತಳ್ಳಿ, ಎಮ್, ಎ, ಎನ್, ವೈ ಜೋಡಿಸಿ, “ಮೆನಿ,” ಎಂದ.

“ಮೆನಿ ಅಂದ್ರೆ?”

“ಬಹಳ,” ಎಂದೆ ನಾನು.

“ಬಹಳ ಏನು?”

“ಬಹಳ ಆಟದ ಸಾಮಾನು,” ಎಂದ ಚಿಕ್ಕಪ್ಪ ಗಂಭೀರವಾಗಿ. ಅಂಗಡಿಯವನು ಗೊಣಗುತ್ತ ಒಪ್ಪಿಕೊಂಡು ಹೋದ. ಅವನು ಹೋದ ಮೇಲೆ ಬಿ, ಓ, ಎರಡು ಆರ್, ಗೋಡೆಯ ಇ ಅಕ್ಷರದ ಜೊತೆ ಸೇರಿದವು. ನನ್ನ ಮುಖ ನೋಡಿ ಚಿಕ್ಕಪ್ಪ ತಪ್ಪು ಮಾಡಿದವನ ಹಾಗೆ ನಕ್ಕ. “ಕದ್ದಿಲ್ಲ ಮೇಷ್ಟ್ರೇ. ಉಳಿಸಿದೆ.”

“ನಿಮ್ಮ ಕೈಯಲ್ಲೇ ಎರಕ ಇದೆ. ಏಳು ಅಕ್ಷರ ಹೊಯ್ದುಕೊಳ್ಳೋಕೆ ಎಷ್ಟು ಹೊತ್ತು?” ಎಂದು ಒಮ್ಮೆ ಕೇಳಿದ್ದೆ.

“ಕದ್ದು ಹೊಯ್ದುಕೊಂಡ್ರೆ ಅದು ನನ್ನ ಕೆಲಸ ಆಗುತ್ತೆ. ಅಣ್ಣ ಹಾಕು ಅಂದ್ರೆ ಹೆಸರಾಗುತ್ತೆ,” ಎಂದಿದ್ದ.

ಗೋಡೆಯ ಮೇಲಿನವು ಅಲ್ಲೇ ಉಳಿಯಲಿಲ್ಲ. ಕ್ಷೌರದಂಗಡಿಯವನು ತುರ್ತಾಗಿ ‘ಬಾರ್ಬರ್’ ಬೇಕೆಂದು ಬಂದ. ದಾಸ್ತಾನಿನಲ್ಲಿ ಎ ಒಂದು, ಬಿ ಒಂದು ಇದ್ದವು; ಮಿಕ್ಕವು ಇರಲಿಲ್ಲ. ಯಜಮಾನರು ಶೆಡ್ಡಿಗೆ ಬಂದು, ಮೊಳೆಗಳಿಂದ ತಾವೇ ತೆಗೆದುಕೊಳ್ಳುತ್ತ, “ಒಂದು ಬಿ, ಎರಡು ಆರ್, ಒಂದು ಇ. ನಿನ್ನ ಗೋಡೆ ಕಷ್ಟಕಾಲಕ್ಕೆ ಆಗುತ್ತೆ ಕಣೋ,” ಎಂದು ಬೆನ್ನು ತಟ್ಟಿ ಹೋದರು. ಮೊಳೆಯ ಸಾಲಿನಲ್ಲಿ ಓ ಒಂದೇ ಬಾಯಿ ತೆರೆದುಕೊಂಡು ತೂಗುತ್ತಿತ್ತು.

“ಬಾರ್ಬರಿಗೆ ಓ ಬೇಕಾಗಿಲ್ಲ ನೋಡಿ, ಪುಣ್ಯ,” ಎಂದ ಚಿಕ್ಕಪ್ಪ. ಹೆಂಡತಿಗೆ ಸಿಟ್ಟು ತಡೆಯಲಿಲ್ಲ. “ಎದುರಿಗೇ ತೊಗೊಂಡು ಹೋಗ್ತಿದ್ರೆ ಬಾಯಲ್ಲಿ ಏನು ಎರಕ ಹೊಯ್ಕೊಂಡಿದ್ರಾ? ಇದು ನಮ್ಮದು ಅಂತ ಒಂದು ಮಾತು ಬರಲ್ವಾ?”

“ಅವನಿಗೆ ಗೊತ್ತಿಲ್ವೇನೆ?”

“ಗೊತ್ತಿದ್ದೇ ತೊಗೊಂಡು ಹೋದ್ರು.”

ಯಜಮಾನರು ಕೆಟ್ಟವರೆಂದು ನಾನು ಹೇಳಲಾರೆ. ಒಮ್ಮೆ ಮೂಸೆ ಮಗುಚಿ ಚಿಕ್ಕಪ್ಪನ ಪಾದದ ಮೇಲೆ ಕಾದ ಹಿತ್ತಾಳೆ ಬಿದ್ದಾಗ, ತಮ್ಮನನ್ನು ಬೆನ್ನ ಮೇಲೆ ಹೊತ್ತು ಬೀದಿಯುದ್ದಕ್ಕೂ ಬರಿಗಾಲಲ್ಲಿ ಓಡಿದವರು ಅವರೇ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವರೂ ಅವರೇ. ಆದರೆ ಬೆನ್ನ ಮೇಲೆ ಹೊತ್ತುಕೊಳ್ಳುವುದು ಬೇರೆ, ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಬೇರೆ. ಇದನ್ನು ಚಿಕ್ಕಪ್ಪ ಬಹಳ ಕಾಲ ತಿಳಿಯಲಿಲ್ಲ. ಕಾಲು ವಾಸಿಯಾಗಿ ಕುಂಟುತ್ತ ಶೆಡ್ಡಿಗೆ ಬಂದವನು, “ಅಂಥ ಅಣ್ಣ ಯಾರಿಗಿದಾನೆ ಮೇಷ್ಟ್ರೇ?” ಎಂದು ನನ್ನನ್ನೇ ಕೇಳಿದ.

ವರ್ಷಗಳು ಕಳೆದವು. ಕ್ಷೌರಿಕನಿಗೆ ಕೈ ನಡುಗತೊಡಗಿ ಅಂಗಡಿ ಮುಚ್ಚಿದ. ಬಿ, ಆರ್, ಆರ್, ಇ ಮರಳಿ ಗೋಡೆಗೆ ಬಂದವು. ಅವುಗಳನ್ನು ಉಜ್ಜುತ್ತ ಚಿಕ್ಕಪ್ಪ, “ಊರೂರು ತಿರುಗಿ ಮನೆಗೆ ಬಂದ ಹಾಗಿದೆ,” ಎಂದ. ಇನ್ನು ಬೇಕಾದದ್ದು ಟಿ ಮತ್ತು ಎಚ್. ಅವೆರಡಕ್ಕೆ ಯಾವಾಗಲೂ ಬೇಡಿಕೆ. ದೊಡ್ಡಸ್ತಿಕೆಗೆ ಎಲ್ಲರಿಗೂ ಹೆಸರಿಗೆ ಮೊದಲು ‘ದಿ’ ಬೇಕಲ್ಲ. ಕೊನೆಗೆ ಮೂಲೆಯ ಹಳೆಯ ಥಿಯೇಟರು ಮುಚ್ಚಿತು. ಅಕ್ಷರಗಳು ಬಂದ ದಿನವೇ ಎದುರಿನ ಟೀ ಅಂಗಡಿಯವನೂ ಬಂದ. ‘ಹೀಟ್’ ಎಂದರೆ ಬಿಸಿ ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು; ಅದೇ ಬೇಕೆಂದು ಹಟ ಹಿಡಿದ. ಹೀಟ್ ಎಂದರೆ ಎಚ್ ಹೋಯಿತು.

“ನೀನು ಮಾರೋದು ಏನು?” ಎಂದ ಚಿಕ್ಕಪ್ಪ.

“ಟೀ.”

“ಹಂಗಾದ್ರೆ ಟೀ ಅಂತಲೇ ಹಾಕು. ಸುಳ್ಳು ಹೇಳಿದ ಹಾಗೂ ಆಗಲ್ಲ.”

“ಅಷ್ಟೇನಾ? ಬರೀ ಟೀನಾ?”

“ನಿನ್ನ ಟೀ ಬಿಸಿ ಇರಲ್ಲ ಅಂತ ಬೀದಿಗೆಲ್ಲ ಗೊತ್ತು. ಹೀಟ್ ಅಂತ ಹಾಕಿದ್ರೆ ಹೊಡೀತಾರೆ.”

ಅವನು ನಕ್ಕು ಒಪ್ಪಿದ. ಟಿ, ಇ, ಎ ಹೋದವು. ಉಳಿದದ್ದರಲ್ಲಿ ಇನ್ನೊಂದು ಟಿ ಇತ್ತು, ಎಚ್ ಇತ್ತು. ಆ ಸಂಜೆ ನಾನು ಹೋದಾಗ ಏಳೂ ಸಾಲಾಗಿ ಮೊಳೆಗಳಲ್ಲಿ ತೂಗುತ್ತಿದ್ದವು. ಚಿಕ್ಕಪ್ಪ ಮರದ ಪೆಟ್ಟಿಗೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದ. ಹೆಂಡತಿ ನನಗೂ ಒಂದು ಲೋಟ ಟೀ ತಂದುಕೊಟ್ಟು, “ನೋಡಿ ಮೇಷ್ಟ್ರೇ, ನಮ್ಮೋರು ಇವತ್ತು ಹುಟ್ಟಿದಾರೆ,” ಎಂದಳು.

ಯಜಮಾನರು ಬಂದು ನೋಡಿದರು. “ಅಬ್ಬಾ, ಆಯ್ತೇನೋ? ಗೋಡೆಗೆ ಸುಣ್ಣ ಹೊಡೆಸ್ಬೇಕು. ಅದಾದ್ಮೇಲೆ ಹಾಕೋಣ,” ಎಂದರು. ಹಾಕುವುದಿಲ್ಲ ಎನ್ನಲಿಲ್ಲ. ಮಳೆಗಾಲ ಮುಗಿಯಲಿ ಎಂದರು, ಮುಗಿಯಿತು. ಮಗನ ಓದು ಮುಗಿಯಲಿ, ಅವನು ಬರಲಿ ಎಂದರು. ಮಗ ದೂರದ ಊರಿನಲ್ಲಿ ಬೋರ್ಡು ಮಾಡುವ ಹೊಸ ಯಂತ್ರಗಳ ಕೆಲಸ ಕಲಿಯುತ್ತಿದ್ದ. ಅವನಿಗೆ ಎ ಬಿ ಸಿ ತಿದ್ದಿಸಿದವನು ಚಿಕ್ಕಪ್ಪನೇ. ಹಿತ್ತಾಳೆಯ ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿತ ಹುಡುಗ. “ಅವನು ಬಂದ್ರೆ ಒಳ್ಳೇದೇ. ಅವನೂ ನೋಡ್ಲಿ,” ಎಂದ ಚಿಕ್ಕಪ್ಪ.

ಮಗ ಬಂದ. ಗೋಡೆಗೆ ಸುಣ್ಣವಾಯಿತು. ಒಂದು ಬೆಳಗ್ಗೆ ಯಜಮಾನರು ಶೆಡ್ಡಿನ ಬಾಗಿಲಿಗೆ ಬಂದು, “ಏಣಿ ತೊಗೊಂಡು ಬಾರೋ. ಗೋಡೆ ಮೇಲಿರೋ ಆ ಅಕ್ಷರಗಳನ್ನೂ ತಾ. ಇವತ್ತು ಬೋರ್ಡು ಮುಗಿಸಿಬಿಡೋಣ,” ಎಂದು ಕೂಗಿ ಹೋದರು.

ರಜಾದಿನವಾದ್ದರಿಂದ ನಾನು ಮನೆಯಲ್ಲಿದ್ದೆ. ಚಿಕ್ಕಪ್ಪನ ಹೆಂಡತಿ ಓಡುತ್ತ ಬಂದು ಕರೆದಳು. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಮಡಿಕೆಯ ಗೆರೆಗಳು ಹಾಗೇ ಇದ್ದವು. ನಾವು ಹೋದಾಗ ಚಿಕ್ಕಪ್ಪ ಏಳು ಅಕ್ಷರಗಳನ್ನೂ ಬಿಳಿಯ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ಮಗುವನ್ನು ತರುವವನ ಹಾಗೆ, ಶೆಡ್ಡಿನಿಂದ ಹೊರಗೆ ಬರುತ್ತಿದ್ದ. ಸಾಲು ನೇರವಿದೆಯೇ ಎಂದು ನೋಡುವ ರಸಮಟ್ಟ ಜೇಬಿನಿಂದ ಇಣುಕುತ್ತಿತ್ತು. ಬೀಗದಂಗಡಿಯವನು ಹೊರಗೆ ಬಂದು ನಿಂತಿದ್ದ. “ಅಂತೂ ‘ಮತ್ತೆ’ಗೆ ಉತ್ತರ ಬಂತು!” ಎಂದು ಕೂಗಿದ.

ಚಿಕ್ಕಪ್ಪ ಗಲ್ಲಾದ ಮೇಲೆ ಬಟ್ಟೆ ಬಿಚ್ಚಿದ. ಬೆಳಕು ಬಿದ್ದು ಯಜಮಾನರ ಗದ್ದದ ಕೆಳಗೆ ಹಳದಿ ಬಣ್ಣ ಆಡಿತು. ಅವರು ಏಳನ್ನೂ ಒಮ್ಮೆ ನೋಡಿ, ನಡುವೆ ಕೈಹಾಕಿ ಓ ಅನ್ನು ಎತ್ತಿಕೊಂಡರು.

“ಇದೊಂದು ಸಾಕು.”

ಚಿಕ್ಕಪ್ಪ ನಕ್ಕ. ತಮಾಷೆ ಎಂದುಕೊಂಡಿರಬೇಕು.

ಯಜಮಾನರು ಗಲ್ಲಾದ ಕೆಳಗಿನಿಂದ ಇನ್ನೆರಡು ಅಕ್ಷರ ತೆಗೆದು ಓ ಅಕ್ಷರದ ಎರಡೂ ಕಡೆ ಇಟ್ಟರು. ಒಂದು ಎಸ್, ಒಂದು ಎನ್. “ಅಂಡ್ ಸನ್. ಇವನ ಯಂತ್ರಕ್ಕೆ ಬ್ಯಾಂಕಿನೋರು ಬಂದು ಅಂಗಡಿ ನೋಡ್ತಾರೆ. ಮಗ ಜೊತೆಗಿದಾನೆ ಅಂದ್ರೆ ಒಂದು ಭರವಸೆ. ನೀನೇ ಏರಿಸ್ಬಿಡು, ನಿನ್ನ ಕೈ ನೇರ.”

ಮಗ ತಲೆ ತಗ್ಗಿಸಿಕೊಂಡು ತನ್ನ ಫೋನನ್ನು ನೋಡತೊಡಗಿದ. ಅದರ ಪರದೆ ಆರಿತ್ತು.

ಚಿಕ್ಕಪ್ಪನ ಹೆಂಡತಿ ಮುಂದೆ ಬಂದಳು. “ಭಾವ, ಆ ಎಸ್ಸು, ಎನ್ನು ಎಲ್ಲಿಂದ ಬಂತು?”

“ದಾಸ್ತಾನಿಂದ ಕಣಮ್ಮ.”

“ಮಾರೋ ಸರಕು ಮನೆಗಲ್ಲ ಅಂತಿದ್ರಿ?”

“ಮಗನಿಗೆ ತಾನೇ?”

“ತಮ್ಮನಿಗೆ?”

ಯಜಮಾನರಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು. “ಅವನಿದ್ದೇ ಇದಾನಲ್ಲಮ್ಮ. ಇರೋನಿಗೆ ಬೋರ್ಡು ಯಾಕೆ? ಅವನೆಲ್ಲಿ ಹೋಗ್ತಾನೆ?”

ಆಮೇಲೆ ಮಾತು ಮುಗಿಯಿತೆಂಬಂತೆ ಉಳಿದ ಆರು ಅಕ್ಷರಗಳನ್ನು ಅಂಗೈಯಿಂದ ತಮ್ಮನ ಕಡೆಗೆ ಸರಿಸಿದರು. “ಹ್ಞಾಂ, ಸ್ಟೇಷನ್ ಹತ್ರ ಒಬ್ಬ ರೂಮು ಬಾಡಿಗೆ ಕೊಡೋ ವಸತಿಗೃಹ ಮಾಡ್ತಿದಾನೆ. ಹೆಸರು ಕೇಳ್ದ. ಇದರಲ್ಲಿ ಏನಾದ್ರೂ ಹುಟ್ಟುತ್ತಾ ನೋಡೋ. ನಿಂಗೆ ಬರುತ್ತಲ್ಲ.”

ಚಿಕ್ಕಪ್ಪ ಗಲ್ಲಾದ ಮೇಲೆ ನೋಡಿದ. ಅಷ್ಟು ವರ್ಷಗಳ ಅಭ್ಯಾಸ. ಮನಸ್ಸು ಎಲ್ಲಿತ್ತೋ, ಬೆರಳು ತಾನಾಗಿಯೇ ಮುಂದೆ ಹೋಯಿತು. ಬಿ ನಿಂತಿತು. ಇ ಬಂತು, ಆರ್ ಬಂತು, ಟಿ, ಎಚ್ ಬಂದವು.

“ಬರ್ತ್,” ಎಂದ. ಆತನ ದನಿ ಎಂದಿನ ಹಾಗೇ ಇತ್ತು. “ರೈಲಲ್ಲಿ ಮಲಗೋ ಜಾಗ. ರೂಮಿನವನಿಗೆ ಆಗುತ್ತೆ. ಒಂದು ಆರ್ ಉಳಿಯುತ್ತೆ.”

“ನೋಡಿದ್ಯಾ!” ಎಂದು ಯಜಮಾನರು ಮಗನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು. “ನಿನ್ನ ಯಂತ್ರಕ್ಕೆ ಬರುತ್ತಾ ಇದು?”

ಆಗ ಚಿಕ್ಕಪ್ಪನಿಗೆ ತಾನು ಮಾಡಿದ್ದು ಅರಿವಾಯಿತೆಂದು ಕಾಣುತ್ತದೆ. ಬೆರಳನ್ನು ಹಿಂದಕ್ಕೆ ತೆಗೆದು, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಸುಟ್ಟಾಗ ಹಿಡಿದುಕೊಳ್ಳುವ ಹಾಗೆ.

ಆತ ಏಣಿ ಏರಲಿಲ್ಲವೆಂದು ನೀವು ಎಣಿಸಬಹುದು. ಏರಿದ. ದಾರ ಕಟ್ಟಿ, ರಸಮಟ್ಟ ಇಟ್ಟು, ಹಳೆಯ ಏಳು ಬೆಣೆಗಳನ್ನು ಉಳಿಯಿಂದ ಕಿತ್ತು ತೂತುಗಳಿಗೆ ಸಿಮೆಂಟು ಮೆತ್ತಿದ. ಮೂರು ಅಕ್ಷರಕ್ಕೆ ಹೊಸ ತೂತು ಕೊರೆದ. ಎಸ್, ಓ, ಎನ್ ಕೂರಿಸಿ ತಿರುಪು ಬಿಗಿದ. ಕೆಳಗಿಳಿದು, ರಸ್ತೆಯ ಆಚೆಗೆ ಹೋಗಿ, ತಲೆ ಓರೆ ಮಾಡಿ ನೋಡಿದ. ಓ ಅಕ್ಷರ ಕೂದಲೆಳೆಯಷ್ಟು ವಾಲಿದೆ ಎಂದು ಮತ್ತೆ ಹತ್ತಿ ಸರಿಪಡಿಸಿದ. ಬೀಗದಂಗಡಿಯವನು ತನ್ನ ಅಂಗಡಿಯೊಳಗೆ ಹೋಗಿಬಿಟ್ಟಿದ್ದ. ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು ಶೆಡ್ಡಿಗೆ ಹೋದ ಚಿಕ್ಕಪ್ಪ, ಮೂಸೆಯನ್ನು ಬೋರಲು ಹಾಕಿ, ಮರಳಿನ ಮೇಲೆ ಗೋಣಿಚೀಲ ಹೊದಿಸಿ, ಬೀಗದ ಕೈಯನ್ನು ಗಲ್ಲಾದ ಮೇಲಿಟ್ಟ.

“ಏನೋ ಇದು?” ಎಂದರು ಯಜಮಾನರು.

“ಹೋಗ್ತೀನಿ ಅಣ್ಣ.”

“ಊಟಕ್ಕಾ?”

ಚಿಕ್ಕಪ್ಪ ಹೆಂಡತಿಯ ಜೊತೆ ಬೀದಿಗಿಳಿದ.

ಮರುದಿನ ಬರಲಿಲ್ಲ. “ಹೆಂಡತಿ ಕಿವಿ ಚುಚ್ಚಿರ್ಬೇಕು. ಬುದ್ಧಿ ಬಂದಾಗ ಬರ್ತಾನೆ,” ಎಂದು ಯಜಮಾನರು ಬೀದಿಯವರಿಗೆ ಹೇಳಿದರು. ಕೆಲವು ದಿನ ಕಾದರು. ಅಷ್ಟರಲ್ಲಿ ಯಂತ್ರ ಬಂತು. ಅದು ಯಾವ ಅಕ್ಷರ ಬೇಕೆಂದರೆ ಆ ಅಕ್ಷರವನ್ನು, ಎಷ್ಟು ಬೇಕೆಂದರೆ ಅಷ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ ಕೊಡುತ್ತಿತ್ತು. ಒಳಗೆ ದೀಪವೂ ಉರಿಯುತ್ತಿತ್ತು. ಇರುವ ಅಕ್ಷರದಲ್ಲಿ ಪದ ಹುಡುಕುವ ಅಗತ್ಯವೇ ಇಲ್ಲವಾಯಿತು. ತಮ್ಮನಿಲ್ಲದೆ ಅಂಗಡಿ ಕುಸಿದಿದ್ದರೆ ಚಿಕ್ಕಪ್ಪನಿಗೆ ಒಂದು ಸಮಾಧಾನವಾದರೂ ಇರುತ್ತಿತ್ತೇನೋ. ಅಂಗಡಿ ಕುಸಿಯಲಿಲ್ಲ, ಬೆಳೆಯಿತು. ಶೆಡ್ಡು ಒಡೆದು ಯಂತ್ರಕ್ಕೆ ಕೋಣೆ ಕಟ್ಟಿದರು. ಯಾರೂ ಆತನನ್ನು ಕರೆಯಲು ಹೋಗಲಿಲ್ಲ.

ಆತ ಹಳೆಯ ಪಂಪಿನ ಕಾರ್ಖಾನೆಗೇ ಮರಳಿದ. ಅಲ್ಲಿ ಆತನ ಕೈಕೆಳಗೆ ಮರಳು ಜರಡಿ ಹಿಡಿಯುತ್ತಿದ್ದವನು ಈಗ ಮೇಲ್ವಿಚಾರಕನಾಗಿದ್ದ. ಆ ವಯಸ್ಸಿಗೆ ಎರಕದ ಮುಂದೆ ನಿಲ್ಲಿಸಲು ಒಪ್ಪದೆ, ಚಿಕ್ಕಪ್ಪನಿಗೆ ಜರಡಿ ಕೊಟ್ಟ. ಅಲ್ಲಿ ಆತನನ್ನು ಚಿಕ್ಕಪ್ಪ ಎಂದು ಕರೆಯುವವರಿರಲಿಲ್ಲ. “ಏಯ್ ಜರಡಿ” ಎನ್ನುತ್ತಿದ್ದರಂತೆ.

ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಕಾರ್ಖಾನೆಯ ಹಿಂದೆ ಸಾಲುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಒಳಗೆ ಕಾಲಿಡುವಾಗ ಏನೋ ಕಾಲ್ಬೆರಳಿಗೆ ತಾಗಿ ನೋವಾಯಿತು. ಬಗ್ಗಿ ನೋಡಿದೆ. ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒತ್ತಿಟ್ಟಿದ್ದ ಹಿತ್ತಾಳೆಯ ಆರ್.

“ಅಣ್ಣನ ಮಗ ತಂದುಕೊಟ್ಟ,” ಎಂದಳು ಹೆಂಡತಿ. “ಇದಕ್ಕೆ ಯಾವ ಹೆಸರೂ ಹುಟ್ಟಲಿಲ್ಲ, ಅಪ್ಪ ಕೊಟ್ಟು ಬಾ ಅಂದ್ರು ಅಂತ. ಇನ್ನೇನೋ ಹೇಳೋನ ಹಾಗೆ ನಿಂತಿದ್ದ. ನಾನು ಟೀ ಕುಡೀತೀಯಾ ಅಂದೆ. ಹೊರಟುಹೋದ.”

ಚಿಕ್ಕಪ್ಪ ಮಂಚದ ಮೇಲೆ ಕೂತಿದ್ದ. ತುಂಬ ಇಳಿದುಹೋಗಿದ್ದ. ಮರಳಿನ ಧೂಳಿಗೆ ಕೆಮ್ಮು ಹಿಡಿದಿತ್ತು. ಬೀದಿಯ ಸುದ್ದಿ ಕೇಳಿದ, ಹಾಸಿಗೆಯವನು ಹೇಗಿದ್ದಾನೆಂದು ಕೇಳಿದ. ಥಾರ್ನ್ ಇನ್ನೂ ಗೋಡೆಯ ಮೇಲಿದೆ ಎಂದಾಗ ಸ್ವಲ್ಪ ನಕ್ಕ. ಅಣ್ಣನ ವಿಷಯ ಕೇಳಲಿಲ್ಲ.

“ಈಗಲೂ ಅಕ್ಷರ ಕಂಡ್ರೆ ಪದ ಹೊಳೆಯುತ್ತಾ ಚಿಕ್ಕಪ್ಪ?” ಎಂದೆ.

“ಹೊಳೆಯುತ್ತೆ ಮೇಷ್ಟ್ರೇ. ಔಷಧಿ ಡಬ್ಬಿ ಮೇಲೆ, ಗೋಣಿಚೀಲದ ಮೇಲೆ, ಎಲ್ಲಾ ಕಡೆ. ಆ ಹಾಳು ಕಣ್ಣಿಗೆ ಮಾನ ಇಲ್ಲ.”

“ಆ ಆರ್ ಅಕ್ಷರ ಮಾರಿಬಿಡಿ ಅಂತ ನಾನು,” ಎಂದಳು ಹೆಂಡತಿ. “ತೂಕಕ್ಕೆ ಹಾಕಿದ್ರೆ ಕೆಮ್ಮಿನ ಔಷಧಿಯಾದ್ರೂ ಬರುತ್ತೆ. ಬೇಡ ಅಂತಾರೆ.”

“ಇರ್ಲಿ ಬಿಡು. ಒಂದಕ್ಷರದಲ್ಲಿ ಹೆಸರಾಗಲ್ಲ. ಬಾಗಿಲಿಗೆ ಆಗುತ್ತೆ,” ಎಂದು ಆತ ಗೋಡೆಯ ಕಡೆಗೆ ತಿರುಗಿಕೊಂಡು ಮಲಗಿದ.

ಸ್ವಲ್ಪ ಹೊತ್ತು ಕೂತಿದ್ದು ಎದ್ದೆ. ಹೆಂಡತಿ ಹೊಸ್ತಿಲವರೆಗೆ ಬಂದಳು. ಹೊರಗೆ ಗಾಳಿ ಎದ್ದು ಕಾರ್ಖಾನೆಯ ಧೂಳು ಓಣಿಯೊಳಗೆ ನುಗ್ಗುತ್ತಿತ್ತು. ಅವಳು ಆ ಆರ್ ಅನ್ನು ಕಾಲಿನಿಂದ ಒಂದಿಷ್ಟು ಆಚೆ ಸರಿಸಿ, ಬಾಗಿಲು ಹಾಕಿಕೊಂಡಳು.